ಮಾಸ್ತರ ಮುಖ

ನಮ್ಮ ಮನೆಯ ಹಿಂಬದಿಯ ಜಗಲಿಯಲ್ಲಿ ನೀಲಿ ಬಣ್ಣ ಹಿಡಿದ ತೆಂಗಿನ ಗೆರಟೆಯೊಂದು ಬಹಳ ಕಾಲ ಬಿದ್ದಿತ್ತು. ಅಮ್ಮ ಅದನ್ನು ಬೂದಿ ಹಾಕಿ ತಿಕ್ಕಿದಳು, ಬಿಸಿಲಿಗಿಟ್ಟಳು, ಕೊನೆಗೆ ಬೈದಳು, ಬಣ್ಣ ಹೋಗಲಿಲ್ಲ. ಅದರಲ್ಲಿ ಬಣ್ಣ ಕಲಸಿ ಹಾಗೆ ಮಾಡಿಟ್ಟು ಹೋದವನು ಸದಾಶಿವ. ಬೋರ್ಡು ಶಾಲೆಯಲ್ಲಿ ನನ್ನೊಡನೆ ಒಂದೇ ಬೆಂಚಿನಲ್ಲಿ ಕೂತವನು, ಆಮೇಲೆ ಮದರಾಸಿನಲ್ಲಿ ಚಿತ್ರಕಲೆ ಕಲಿತವನು. ಮದರಾಸಿಗೆ ಹೋಗುವ ಮೊದಲು ಅವನು ಹಸುವನ್ನು ಹಸುವಿನ ಹಾಗೆಯೇ ಬರೆಯುತ್ತಿದ್ದ. ಬಂದಮೇಲೆ ತೋರಿಸಿದ ಚಿತ್ರಗಳಲ್ಲಿ ಹಸು ನೇರಳೆಯಾಗಿತ್ತು, ಮೀನು ಮಾರುವ ಹೆಂಗಸರು ತ್ರಿಕೋನಗಳಾಗಿದ್ದರು, ಚಂದ್ರಗಿರಿ ಹೊಳೆ ಸಮುದ್ರಕ್ಕೆ ಹರಿಯುವ ಬದಲು ಆಕಾಶಕ್ಕೆ ಎದ್ದು ನಿಂತಿತ್ತು.

ನಾನು ದಿನಚರಿ ಬರೆಯುವವನು. ಮಳೆ ಎಂದು ಹಿಡಿಯಿತು, ರೈಲು ಎಷ್ಟು ತಡವಾಯಿತು, ವಾಚನಾಲಯದಿಂದ ಯಾರು ಯಾವ ಪುಸ್ತಕ ಒಯ್ದರು, ಎಲ್ಲಕ್ಕೂ ತಾರೀಕು ಹಾಕಿ, ತಿಂಗಳ ಕೊನೆಗೆ ಮೊತ್ತ ಕೂಡಿಸಿದರೇ ನಿದ್ದೆ ಬರುವ ಜಾತಿ. ಅಂಥವನಿಗೆ ಎದ್ದು ನಿಂತ ಹೊಳೆ ಎಷ್ಟು ಕಿರಿಕಿರಿ ಮಾಡೀತೆಂದು ನೀವೇ ಊಹಿಸಿ. ಇದು ಎಂತದ್ದು ಎಂದು ಕೇಳಿದರೆ ಸದಾಶಿವ ನಗುತ್ತಿದ್ದ. ನಮ್ಮೂರ ಬಾಯಲ್ಲಿ ಏನು ಎನ್ನುವುದಕ್ಕೆ ‘ಎಂತ’ ಎಂಬ ಮಾತೂ ಇದೆ, ಇದೆ ಎನ್ನುವುದಕ್ಕೆ ‘ಉಂಟು’ ಎಂಬ ಮಾತೂ ಇದೆ. ನೀವೆಲ್ಲ ಮೊದಲನೆಯದನ್ನೇ ಹಿಡಿದುಕೊಂಡು ಕೂತಿದ್ದೀರಿ, ಚಿತ್ರಕ್ಕೆ ಬೇಕಾದದ್ದು ಎರಡನೆಯದು ಎನ್ನುತ್ತಿದ್ದ. ಇಂಥ ಮಾತು ಕೇಳುವಾಗ ಹೌದೆನಿಸುತ್ತದೆ. ರಾತ್ರಿ ದಿನಚರಿಯಲ್ಲಿ ಬರೆಯಹೊರಟರೆ ಕೈಗೆ ಸಿಗುವುದಿಲ್ಲ.

ವಾಚನಾಲಯಕ್ಕೆ ಸುಬ್ಬಯ್ಯ ಮಾಸ್ತರ ಚಿತ್ರ ಬೇಕಾದದ್ದು ಆಗಲೇ. ವಾಚನಾಲಯವನ್ನು ಕಟ್ಟಿಸಿದವರು ಅವರು. ಸದಾಶಿವನಿಗೂ ನನಗೂ ಅಕ್ಷರ ಕಲಿಸಿದವರು. ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಫೋಟೊ ತೆಗೆಸಿದರೆ ಆಯುಸ್ಸು ಕಮ್ಮಿಯಾಗುತ್ತದೆಂದು ನಂಬಿದ್ದ ಅವರು ಜನ್ಮದಲ್ಲಿ ಒಮ್ಮೆಯೂ ಕ್ಯಾಮರಾದ ಮುಂದೆ ನಿಂತವರಲ್ಲ. ಚಿತ್ರಕ್ಕಾಗಿ ವಾಚನಾಲಯದ ಸಮಿತಿಗಿಂತ ಹೆಚ್ಚು ಆಸೆಪಟ್ಟವರು ಅವರ ಹೆಂಡತಿ ಪದ್ಮಾವತಿಯಮ್ಮ. ಸಮಿತಿಯ ಕಾರ್ಯದರ್ಶಿಯಾದ ನನ್ನನ್ನು ಮನೆಗೆ ಕರೆಸಿ, ಒಳಗಿದ್ದ ಸೊಸೆಗೆ ಕೇಳದ ಹಾಗೆ ಹೇಳಿದರು: “ಅವರ ಮುಖ ಈಗೀಗ ನನಗೆ ಸರಿಯಾಗಿ ಸಿಕ್ಕುವುದಿಲ್ಲ. ಸ್ವರ ಉಂಟು, ಕೆಮ್ಮು ಉಂಟು, ಮುಖ ಮಾತ್ರ ಜಾರುತ್ತದೆ.”

ಬರೆಯುವವನು ಸದಾಶಿವನೇ ಎಂದು ಗೊತ್ತಾಗಿತ್ತು; ಅವನಿಗೆ ವಿವರ ಒದಗಿಸಲು ನಾನು ನನ್ನ ಪದ್ಧತಿಯಂತೆ ಹೊರಟೆ. ಹಣೆ, ಹುಬ್ಬು, ಮೂಗು, ಮೀಸೆ ಎಂದು ಕಾಗದದಲ್ಲಿ ಗೆರೆ ಎಳೆದುಕೊಂಡು ಹಳೆಯ ಶಿಷ್ಯರನ್ನೆಲ್ಲ ಕೇಳಿದೆ. ಸ್ಟೇಶನ್ನಿನ ಹತ್ತಿರ ಹೋಟೆಲು ಇಟ್ಟವನು ದಪ್ಪ ಮೀಸೆ ಎಂದ. ವಕೀಲರ ಗುಮಾಸ್ತ ಮೀಸೆಯೇ ಇರಲಿಲ್ಲವೆಂದು ಪಂಥ ಕಟ್ಟಿದ. ಬೆತ್ತದ ಏಟು ತಿಂದವರೆಲ್ಲ ಮಾಸ್ತರು ಎತ್ತರದ ಆಳೆಂದರು, ತಿನ್ನದವರು ಕುಳ್ಳರೆಂದರು. ಮತ್ತೆ ಮತ್ತೆ ಪೀಡಿಸಿದ್ದಕ್ಕೆ ಹೋಟೆಲಿನವನು ನಿಜ ಹೇಳಿಬಿಟ್ಟ: “ಅವರ ಮುಖ ನೋಡುವ ಧೈರ್ಯ ಯಾರಿಗಿತ್ತು ಮಾರಾಯ? ಕಾಲು ಕೇಳು, ಹೇಳುತ್ತೇನೆ.”

ನಕ್ಕೆನಾದರೂ ಮನೆಗೆ ಬಂದು ಹಳೆಯ ದಿನಚರಿಗಳನ್ನು ತಿರುವಿದಾಗ ನಗು ಉಳಿಯಲಿಲ್ಲ. ಮಾಸ್ತರು ಬಂದರು, ಬೈದರು, ಪುಸ್ತಕ ಕೊಟ್ಟರು ಎಂಬುದೆಲ್ಲ ಇತ್ತು. ಅವರ ಮುಖದ ಬಗ್ಗೆ ಒಂದು ಸಾಲೂ ಇರಲಿಲ್ಲ. ದಿನಾ ಕಾಣುವವರನ್ನು ನಾವು ನೋಡುತ್ತೇವೆಯೋ, ಅಥವಾ ಇಂಥವರೆಂದು ಗುರುತು ಹಿಡಿದಕೂಡಲೇ ನೋಡುವುದನ್ನು ಬಿಟ್ಟುಬಿಡುತ್ತೇವೆಯೋ? ಹೊಸ ಚಿತ್ರಕಾರರು ಹಸುವಿಗೆ ನೇರಳೆ ಬಳಿಯುವುದು ಈ ಕಾರಣಕ್ಕೇ ಇರಬಹುದೆಂದು ಅಂದು ತೋರಿತು: ಹಸು ಎಂದು ಹೇಳಿ ನಾವು ಮುಂದೆ ಹೋಗದ ಹಾಗೆ ದಾರಿಗೆ ಅಡ್ಡ ನಿಲ್ಲಿಸುವುದಕ್ಕೆ.

ಸದಾಶಿವ ನಮ್ಮ ಜಗಲಿಯಲ್ಲೇ ಕೂತು ಬರೆದ. ಮುರಕಲ್ಲಿನ ಕೆಂಪು ಗುಡ್ಡೆ, ಓರೆಯಾಗಿ ಮಾಸ್ತರ ಕಪ್ಪು ಕೊಡೆ, ಬಿಳಿ ಪಂಚೆಯ ಒಂದೇ ಬೀಸು, ಹಿಂದೆಲ್ಲ ನೀಲಿ. ಮುಖ ಇರಬೇಕಾದಲ್ಲಿ ಚಿತ್ರದ ಬಟ್ಟೆ ಖಾಲಿ. ನೆನಪಿಲ್ಲದ್ದನ್ನು ಬರೆಯುವುದಿಲ್ಲ ಎಂದ. ಸಮಿತಿಯ ಅಧ್ಯಕ್ಷರು ನೋಡಿ, ಅಂಗಿ ಒಣಹಾಕಿದ ಹಾಗೆ ಉಂಟು ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು. ನನಗೂ ಸಿಟ್ಟು ಬಂದಿತ್ತು. ಆದರೆ ಆ ಚಿತ್ರದ ಮುಂದೆ ಸುಮ್ಮನೆ ನಿಲ್ಲಲಾಗುತ್ತಿರಲಿಲ್ಲ; ಆ ಕೊಡೆ ಗುಡ್ಡೆ ಹತ್ತಿ ನನ್ನ ಕಡೆಗೇ ಬರುತ್ತಿತ್ತು, ನಾನು ಅರಿಯದೆಯೇ ಅಂಗಿಯ ಗುಂಡಿ ಹಾಕಿಕೊಂಡಿದ್ದೆ.

ಪದ್ಮಾವತಿಯಮ್ಮ ಬಂದು ಜಗಲಿಯ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದರು. ನಡಿಗೆ ಅವರದ್ದೇ ಎಂದು ಒಪ್ಪಿದರು. ಆಮೇಲೆ ಕೇಳಿದರು: “ಮುಖ ಬರೆಯಲಿಕ್ಕೆ ನಿನಗೆ ಬರುತ್ತದಾ ಮಗಾ?”

“ಬರುತ್ತದೆ ಅಮ್ಮ,” ಎಂದ ಸದಾಶಿವ. “ಆದರೆ ಅದು ಯಾರದ್ದೋ ಮುಖ. ಒಮ್ಮೆ ಬರೆದರೆ ನಾಳೆಯಿಂದ ನಿಮಗೆ ಅದೇ ನೆನಪಾಗುತ್ತದೆ. ಉಳಿದದ್ದೂ ಹೋಗುತ್ತದೆ.”

“ಅದು ಹೇಗೂ ಹೋಗ್ತಾ ಉಂಟು. ನೀನು ಬರೆ.”

ಅವನು ಬರೆದ. ತನ್ನ ಹೆಸರು ಮಾತ್ರ ಹಾಕಲಿಲ್ಲ. ಚಿತ್ರ ಗೋಡೆಗೇರುವ ಮೊದಲೇ ಮದರಾಸಿನ ರೈಲು ಹತ್ತಿದ.

ಊರಿನವರಿಗೆ ಮುಖ ತುಂಬ ಹಿಡಿಸಿತು. ಅಧ್ಯಕ್ಷರು ಅಚ್ಚು ಮಾಸ್ತರೇ ಎಂದರು. ಇದೆಯೋ ಇಲ್ಲವೋ ಎನ್ನುವಂಥ ಮೀಸೆಯನ್ನು ನೋಡಿ ಹೋಟೆಲಿನವನೂ ಗುಮಾಸ್ತನೂ ತಾನು ತಾನೇ ಗೆದ್ದೆನೆಂದುಕೊಂಡರು. ಸದಾಶಿವ ಹೇಳಿದ್ದು ನನ್ನ ಮಟ್ಟಿಗಂತೂ ನಿಜವಾಯಿತು: ಮಾಸ್ತರೆಂದು ಕಣ್ಣು ಮುಚ್ಚಿದರೆ ಈಗ ಬರುವುದು ಆ ಬಣ್ಣದ ಮುಖವೇ. ಅದು ಬರುವಾಗೆಲ್ಲ, ಯಾರದೋ ಮನೆಗೆ ಬಾಗಿಲು ತಪ್ಪಿ ಹೊಕ್ಕವನಂತೆ ಒಳಗೇ ಒಂದು ಕಸಿವಿಸಿ.

ಪದ್ಮಾವತಿಯಮ್ಮ ಆಗಾಗ ವಾಚನಾಲಯಕ್ಕೆ ಬಂದು ಚಿತ್ರದ ಮುಂದೆ ನಿಲ್ಲುತ್ತಿದ್ದರು. ಯಾರೋ ಅಪರಿಚಿತನನ್ನು ಗಂಡನೆಂದು ನಂಬಿ ನಿಂತಿದ್ದಾರಲ್ಲ ಎಂದು ನನಗೆ ಮರುಕವಾಗುತ್ತಿತ್ತು. ಒಂದು ದಿನ ತಡೆಯಲಾರದೆ, ಹೋಲುತ್ತದಾ ಅಮ್ಮ, ಎಂದು ಕೇಳಿಯೇಬಿಟ್ಟೆ.

“ಎಲ್ಲಿ ಹೋಲುತ್ತದೆ?” ಎಂದರು, ಚಿತ್ರದಿಂದ ಕಣ್ಣು ತೆಗೆಯದೆ. “ಹುಬ್ಬು ಹೀಗಲ್ಲ, ನಡುವೆ ಕೂಡುತ್ತಿತ್ತು. ಕಣ್ಣು ಇಷ್ಟು ಸಾಧು ಅಲ್ಲವೇ ಅಲ್ಲ. ಇಲ್ಲಿ ಬಂದು ಇದರೊಟ್ಟಿಗೆ ಜಗಳ ಮಾಡುತ್ತಾ ನಿಂತರೆ ಒಂದೊಂದಾಗಿ ಅವರದ್ದು ಬರುತ್ತದೆ.”

ಅವರು ಹೋದಮೇಲೆ ನಾನೂ ಅಲ್ಲೇ ನಿಂತು ನೋಡಿದೆ. ಜಗಳ ಮಾಡಲು ನನ್ನಲ್ಲಿ ಎಂತದ್ದೂ ಇರಲಿಲ್ಲ.