ಒಗ್ಗರಣೆಯ ಬಾಗಿಲು

ಡಚ್ಚರ ಊರು ವೆಲ್ಡ್‌ಹೋವನ್‌ನ ಆ ಬಾಡಿಗೆ ಮನೆಯಲ್ಲಿ ನಾನು ಒಬ್ಬಳೇ ಇದ್ದೆ. ಅಡುಗೆಮನೆಯನ್ನು ಹಿಂಭಾಗಕ್ಕೆ ಯಾವಾಗಲೋ ಆಮೇಲೆ ಸೇರಿಸಿ ಕಟ್ಟಿದ್ದರು. ಮೂರು ಕಡೆ ಹೊರಗೋಡೆ, ಹೀಟರ್ ಇಲ್ಲ. ನಡುಮನೆಯ ಬಿಸಿಯೇ ಬಾಗಿಲಿನಿಂದ ಹಾಯ್ದು ಅಲ್ಲಿಗೂ ಹೋಗಬೇಕು. ನಾನೋ, ಆ ಬಾಗಿಲನ್ನು ಹಗಲೂ ರಾತ್ರಿ ಮುಚ್ಚಿಯೇ ಇಡುತ್ತಿದ್ದೆ.

ಕಾರಣ ಒಗ್ಗರಣೆ. ಈ ದೇಶಕ್ಕೆ ಬಂದ ಹೊಸದರಲ್ಲಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸೊಬ್ಬಳು ನನ್ನ ಕೋಟಿನ ಕಡೆ ಒಮ್ಮೆ ನೋಡಿ, ಮೂಗು ಮುರಿದು, ಎದ್ದು ಬೇರೆ ಸೀಟಿಗೆ ಹೋದಳು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು, ಅದು ನನಗೆ ಚೆನ್ನಾಗಿ ಬರುತ್ತದೆ. ಅಂದಿನಿಂದ ಕೋಟು ಮಹಡಿಯ ಬೀರು ಸೇರಿತು. ಸಾಸಿವೆ ಸಿಡಿಯುವಾಗ ಅಡುಗೆಮನೆಯ ಬಾಗಿಲು ಹಾಕತೊಡಗಿದೆ, ಬರಬರುತ್ತ ತೆಗೆದಿಡುವುದನ್ನೇ ಬಿಟ್ಟೆ. ಇಲ್ಲಿದ್ದ ನಮ್ಮ ಕಡೆಯ ಗೆಳತಿಯರೂ ಹೀಗೆಯೇ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಕೋಟುಗಳು ಮಹಡಿ ಹತ್ತುತ್ತಿದ್ದವು, ಆಮೇಲೆ ಎಲೆ ಹಾಕುತ್ತಿದ್ದರು.

ಕೊರೋನಾ ಬಂದ ಮೇಲೆ ಹೋಗುವುದೂ ನಿಂತಿತು, ಬರುವುದೂ ನಿಂತಿತು. ಆಫೀಸು ಊಟದ ಮೇಜಿನ ಮೇಲೆ ಬಂದು ಕೂತಿತು. ಆ ಚಳಿಗಾಲದಲ್ಲಿ, ಮನೆಗೆ ದಿನಕ್ಕೆ ಒಬ್ಬ ಅತಿಥಿ ಮಾತ್ರ ಎಂದು ಸರ್ಕಾರ ಹೇಳಿದಾಗ ನನಗೆ ನಗು ಬಂತು. ಆ ಒಬ್ಬರನ್ನಾದರೂ ಎಲ್ಲಿಂದ ಕರೆತರಲಿ? ಕಾಲಿಂಗ್ ಬೆಲ್ ಆದರೆ ಪಾರ್ಸೆಲ್ಲಿನವನು, ಬಾಗಿಲು ತೆಗೆಯುವಷ್ಟರಲ್ಲಿ ಅವನೂ ವ್ಯಾನು ಹತ್ತಿರುತ್ತಿದ್ದ. ಕೋಟು ಹಾಕುವ ಕೆಲಸವೇ ಇರಲಿಲ್ಲ. ಆದರೂ ಅಡುಗೆಮನೆಯ ಬಾಗಿಲು ಮುಚ್ಚುವುದನ್ನು ಮಾತ್ರ ಬಿಡಲಿಲ್ಲ.

ಫೆಬ್ರವರಿಯಲ್ಲಿ ಹಿಮ ಬಿತ್ತು. ಕಾಲುವೆಗಳು ಹೆಪ್ಪುಗಟ್ಟಿ, ಇಡೀ ದೇಶವೇ ಸ್ಕೇಟಿಂಗಿಗೆ ಇಳಿಯಿತು. ಒಂದು ಬೆಳಿಗ್ಗೆ ಕಾಫಿಗೆ ನೀರು ಹಿಡಿಯಲು ಹೋದರೆ ಅಡುಗೆಮನೆಯ ನಲ್ಲಿ ಒಮ್ಮೆ ಗೊರಗೊರ ಎಂದು ಸುಮ್ಮನಾಯಿತು. ಮಹಡಿಯ ಬಚ್ಚಲಿನಲ್ಲಿ ಮಾತ್ರ ನೀರು ಬರುತ್ತಿತ್ತು. ಮೈಸೂರಿನ ಅಕ್ಕನಿಗೆ ಫೋನ್ ಮಾಡಿದೆ.

"ಮೊದ್ಲು ಮೇಲಿಂದ ಎರಡು ಬಕೆಟ್ ನೀರ್ ಹಿಡಿದಿಟ್ಕೊಳ್ಳೇ," ಎಂದಳು.

"ಇದೇನು ಮೈಸೂರಾ ಅಕ್ಕ? ಇಲ್ಲಿ ನೀರು ನಿಂತ್ ಹೋಗೋದೇ ಇಲ್ಲ."

"ಮತ್ತೆ ಈಗ ನಿಂತಿರೋದು ಏನು?"

ಫೋನ್ ಇಟ್ಟೆ. ಮನೆಮಾಲೀಕರ ಆಫೀಸಿನವರು, ಪೈಪು ಒಳಗೆ ಮಂಜುಗಟ್ಟಿದೆ, ಪ್ಲಂಬರ್ ಬರುವುದು ನಾಳೆಯೇ, ಅಷ್ಟರೊಳಗೆ ಬೇಕಾದರೆ ಹೇರ್ ಡ್ರೈಯರ್ ಹಿಡಿಯಿರಿ, ಆದರೆ ಮೊದಲು ಇಡೀ ಮನೆಗೆ ನೀರು ಬಿಡುವ ಮೇನ್ ನಲ್ಲಿಯನ್ನು ಮುಚ್ಚಿ ಎಂದರು. ಮೇನ್ ನಲ್ಲಿ ಇದ್ದದ್ದು ಮುಂಬಾಗಿಲ ಪಕ್ಕದ ಮೀಟರ್ ಕಪಾಟಿನಲ್ಲಿ. ಆ ಕಪಾಟಿನ ತುಂಬ ಲಾಕ್‌ಡೌನ್ ಆದಾಗ ಹೆದರಿ ತರಿಸಿದ್ದ ಸೋನಾ ಮಸೂರಿ ಮೂಟೆಗಳು. ಅವನ್ನೆಲ್ಲ ಯಾರು ಎಳೆಯುತ್ತಾರೆ ಎಂದು ನೇರವಾಗಿ ಸಿಂಕಿನ ಕೆಳಗೆ ಕೂತು ಡ್ರೈಯರ್ ಹಿಡಿದೆ.

ಪೈಪು ಆಗಲೇ ಸೀಳಿಹೋಗಿತ್ತು ಎಂಬುದು ಮಂಜು ಕರಗಿದ ಮೇಲೆ ಗೊತ್ತಾಯಿತು. ನೀರು ಮುಖಕ್ಕೇ ರಾಚಿತು. ಮೀಟರ್ ಕಪಾಟಿಗೆ ಓಡಿ ಮೂಟೆ ಎಳೆದರೆ, ಒಂದಕ್ಕೊಂದು ಸಿಕ್ಕಿಕೊಂಡು ಜಪ್ಪಯ್ಯ ಅಂದರೂ ಕದಲಲಿಲ್ಲ. ಬರಿಗಾಲಲ್ಲೇ ಹಿಮದ ಮೇಲೆ ಓಡಿ ಪಕ್ಕದ ಮನೆಯ ಬಾಗಿಲು ಬಡಿದೆ.

ಅಲ್ಲಿದ್ದವರು ಒಬ್ಬ ವಯಸ್ಸಾದ ಡಚ್ ಹೆಂಗಸು. ಕಿಟಕಿಯಿಂದ ಕಿಟಕಿಗೆ ಕೈಬೀಸುವಷ್ಟೇ ನಮ್ಮ ಪರಿಚಯ. ನನ್ನ ಅವತಾರ ನೋಡಿ ಏನೂ ಕೇಳದೆ ಮಾಸ್ಕ್ ಏರಿಸಿಕೊಂಡು ಬಂದರು. ಇಬ್ಬರೂ ಸೇರಿ ಎಳೆದಾಗ ಒಂದು ಮೂಟೆ ಹರಿದು ಅಕ್ಕಿಯೆಲ್ಲ ಚೆಲ್ಲಿತು, ಕೈ ಒಳಗೆ ತೂರುವಷ್ಟು ಜಾಗವಾಯಿತು. ಅವರೇ ನಲ್ಲಿ ತಿರುಗಿಸಿದರು. ಮನೆ ನಿಶ್ಶಬ್ದವಾಯಿತು.

ಆಗ ನನಗೆ ಹೊಳೆಯಿತು, ಅಡುಗೆಮನೆಯ ಬಾಗಿಲು ಹಾರುಹೊಡೆದಿದೆ. ಅಷ್ಟು ಕಾಲ ಒಳಗೇ ಕೂಡಿಹಾಕಿದ್ದ ಇಂಗು, ಬೆಳ್ಳುಳ್ಳಿ, ಕರಿಬೇವು ಎಲ್ಲ ನಡುಮನೆಗೆ ಬಂದು ನಿಂತಿದ್ದವು. ನಾಚಿಕೆಯಿಂದ ಕುಗ್ಗಿಹೋದೆ. "ವಾಸನೆಗೆ ಕ್ಷಮಿಸಿ, ನಮ್ಮ ಅಡುಗೆ ಹಾಗೆ," ಎಂದು ಇಂಗ್ಲಿಷಿನಲ್ಲಿ ತೊದಲಿದೆ.

"ಯಾವ ವಾಸನೆ?" ಎಂದರು ಅವರು. ಆಮೇಲೆ ಮಾಸ್ಕಿನ ಮೇಲಿಂದಲೇ ಮೂಗು ಮುಟ್ಟಿ ತೋರಿಸಿದರು. "ಚಳಿಗಾಲಕ್ಕೆ ಮುಂಚೆ ನನಗೂ ಕೊರೋನಾ ಬಂದಿತ್ತು. ಮೂರು ವಾರ ಮಲಗಿದ್ದೆ. ಆಗಿನಿಂದ ಯಾವ ವಾಸನೆಯೂ ಗೊತ್ತಾಗುವುದಿಲ್ಲ."

ಮೂರು ವಾರ! ನಡುವೆ ಇದ್ದದ್ದು ಒಂದೇ ಒಂದು ಗೋಡೆ. ಅವರು ಕಿಟಕಿಯಲ್ಲಿ ಕಾಣಿಸದಿದ್ದಾಗ ಮಗಳ ಮನೆಗೆ ಹೋಗಿರಬೇಕು ಎಂದುಕೊಂಡು ಸುಮ್ಮನಿದ್ದೆ.

"ಹೇಗಿರುತ್ತದೆ, ಹೇಳಿ," ಎಂದರು. ನಿಜವಾಗಿಯೂ ತಿಳಿಯಬೇಕೆಂಬಂತೆ ನನ್ನನ್ನೇ ನೋಡುತ್ತ ನಿಂತಿದ್ದರು. ಇಂಗಿನ ವಾಸನೆಯನ್ನು ಯಾವ ಭಾಷೆಯಲ್ಲಿ ಹೇಳುವುದು? "ಖಾರ... ಬಿಸಿ ಎಣ್ಣೆ... ಹಸಿವಾದಾಗಿನದು," ಎಂದೇನೋ ಅಂದೆ. ಅವರ ಕಣ್ಣುಗಳು ನಕ್ಕವು.

"ಕೂತುಕೊಳ್ಳಿ, ಕಾಫಿ ಮಾಡುತ್ತೇನೆ," ಎಂದೆ. ಅವರು ಕುರ್ಚಿಯತ್ತ ಒಂದು ಹೆಜ್ಜೆಯನ್ನೂ ಇಟ್ಟರು. ನಾನು ಪಾತ್ರೆ ಎತ್ತಿಕೊಂಡು ನಲ್ಲಿಯ ಹತ್ತಿರ ಹೋಗಿ ಹಾಗೇ ನಿಂತೆ. ಮೇನ್ ಮುಚ್ಚಿತ್ತು. ಈಗ ಮಹಡಿಯಲ್ಲೂ ನೀರಿಲ್ಲ. ವರ್ಷಕ್ಕೊಮ್ಮೆ ಬಂದ ಅತಿಥಿಗೆ ಕೊಡಲು ಒಂದು ಲೋಟ ನೀರಿಲ್ಲದ ಮನೆ ನನ್ನದು. ಅಕ್ಕ ಹೇಳಿದ್ದ ಎರಡು ಬಕೆಟ್ ನೆನೆದು ಅಳು ಬಂತು, ಅತ್ತೇಬಿಟ್ಟೆ. ಅವರು ಕೈ ಚಾಚಿದರು, ಅಂತರದ ನಿಯಮ ನೆನಪಾಯಿತೋ ಏನೋ, ಹಿಂದಕ್ಕೆ ಎಳೆದುಕೊಂಡರು. "ಇನ್ನೊಂದು ದಿನ," ಎಂದು ಹೇಳಿ ಹೋದರು. ಸ್ವಲ್ಪ ಹೊತ್ತಿಗೆ ನನ್ನ ಹೊಸಿಲ ಹೊರಗೆ ಒಂದು ಬಕೆಟ್ ನೀರು ಇತ್ತು, ಮನುಷ್ಯರು ಇರಲಿಲ್ಲ.

ಮರುದಿನ ಪೈಪು ಬದಲಾಯಿಸಿದ ಪ್ಲಂಬರ್, ಚಳಿ ಮುಗಿಯುವವರೆಗೆ ಅಡುಗೆಮನೆಯ ಬಾಗಿಲು ತೆಗೆದೇ ಇರಲಿ ಎಂದು ಹೇಳಿಹೋದ. ಸಂಜೆ ಸಾರಿಗೆ ಒಗ್ಗರಣೆ ಹಾಕಿದೆ. ಘಮ ಇಡೀ ಮನೆ ಸುತ್ತಿ, ಮೆಟ್ಟಿಲೇರಿತು. ನಾನೂ ಹಿಂದೆಯೇ ಹೋಗಿ ಬೀರುವಿನಿಂದ ಕೋಟು ತೆಗೆದು, ಕೆಳಗೆ ತಂದು, ಅಡುಗೆಮನೆಯ ಬಾಗಿಲಿಗೇ ತಗುಲಿಹಾಕಿದೆ.

ಬೆಳಿಗ್ಗೆ ಅದನ್ನೇ ಹಾಕಿಕೊಂಡು, ಎಲ್ಲಿಗೂ ಹೋಗುವುದಿಲ್ಲದಿದ್ದರೂ, ಬಸ್ಸು ಹತ್ತಿದೆ. ತೋಳಿನಲ್ಲಿ ಇಂಗು ಘಮ್ಮೆನ್ನುತ್ತಿತ್ತು. ಆ ಹೆಂಗಸೇ ಬಂದು ಪಕ್ಕ ಕೂರಲಿ, ಮೂಗು ಮುರಿಯಲಿ, ಬೇಕಾದರೆ ಎದ್ದುಹೋಗಲಿ ಎಂದು ಬೇಡಿಕೊಂಡೆ. ಕೊನೆಯ ಸ್ಟಾಪಿನವರೆಗೂ ಬಸ್ಸಿಗೆ ಯಾರೂ ಹತ್ತಲಿಲ್ಲ.