ಹಿಂದೆ ನೋಡುವ ಉದ್ಯೋಗ

ಜಗತ್ತಿನವರೆಲ್ಲ ಗಾಡಿಯನ್ನು ಮುಂದಕ್ಕೆ ಓಡಿಸಿ ಪಂದ್ಯ ಗೆಲ್ಲುತ್ತಾರೆ. ನಮ್ಮ ಕಡೆಯವರು ಹಿಂದಕ್ಕೆ ಓಡಿಸಿ ಗೆಲ್ಲುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ಕಡೆ ಕಬ್ಬು ಹೇರುವ ಟ್ರ್ಯಾಕ್ಟರುಗಳು ಎಷ್ಟಿವೆಯೋ ಅವುಗಳ ಡ್ರೈವರುಗಳಿಗೆ ಅಷ್ಟೇ ಸೊಕ್ಕೂ ಇದೆ. ಆ ಸೊಕ್ಕನ್ನು ಅಳೆಯಲು ಹುಟ್ಟಿದ್ದು ರಿವರ್ಸ್ ಸ್ಪರ್ಧೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಜೋಡಿಸಬೇಕು. ಸುಣ್ಣದ ಪುಡಿಯಲ್ಲಿ ಎಳೆದ ಎರಡು ಗೆರೆಗಳ ನಡುವೆ, ಗೆರೆ ತುಳಿಯದೆ, ಹಿಮ್ಮುಖವಾಗಿ ಯಾರು ಬೇಗ ಆಚೆ ತುದಿ ಮುಟ್ಟುತ್ತಾರೋ ಅವರು ಗೆದ್ದಂತೆ. ಕೇಳಲು ಸುಲಭ. ಆದರೆ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಮೊದಲ ಟ್ರೇಲರ್ ಬಲಕ್ಕೆ ಹೊರಳುತ್ತದೆ, ಎರಡನೆಯದು ಅದಕ್ಕೂ ಉಲ್ಟಾ. ಒಂದೇ ಮಾತಿನಲ್ಲಿ ಅತ್ತೆ ಸೊಸೆ ಇಬ್ಬರನ್ನೂ ಒಪ್ಪಿಸಿದಷ್ಟು ಕಷ್ಟ.

ಈ ವಿದ್ಯೆಯಲ್ಲಿ ನನ್ನ ಅಣ್ಣನಿಗೆ ಸಮನಾದವನು ಇರಲಿಲ್ಲ. ನಾನು ಓದಿ ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾದೆ. ಅವನು ಏಳನೆಯ ಇಯತ್ತೆಗೆ ಸಾಲೆ ಬಿಟ್ಟು ನಮ್ಮೂರ ಸಾಹುಕಾರರ ಟ್ರ್ಯಾಕ್ಟರ್ ಹತ್ತಿದ. ಸೀಜನ್ನಿನಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರುವುದು, ಸೀಜನ್ ಮುಗಿದ ಮೇಲೆ ಊರೂರು ಸ್ಪರ್ಧೆ. ಗೆದ್ದ ಬೈಕು, ಬೆಳ್ಳಿ ಕಡಗ, ಢಾಲು ಎಲ್ಲ ಸಾಹುಕಾರರ ಪಡಸಾಲೆ ಸೇರುತ್ತಿದ್ದವು. ಅಣ್ಣನ ಪಾಲಿಗೆ ಗುಲಾಲು. ಪ್ರತಿ ಗೆಲುವಿಗೂ ಬಸ್ ನಿಲ್ದಾಣದ ಎದುರು ಒಂದು ಫ್ಲೆಕ್ಸ್ ಏಳುತ್ತಿತ್ತು. ಅದರಲ್ಲಿ ಸಾಹುಕಾರರ ಮುಖ ಟ್ರ್ಯಾಕ್ಟರಿಗಿಂತ ದೊಡ್ಡದು. ಕೆಳಗೆ ಶುಭಕೋರುವವರ ಸಾಲು. ಆ ಸಾಲಿನ ಕೊನೆಗೆ, ನಿಂಬೆಕಾಯಿ ಗಾತ್ರದ ಒಂದು ಮುಖ ನನ್ನ ಅಣ್ಣನದು. ಗೆದ್ದವನೇ ಗೆದ್ದವನಿಗೆ ಶುಭ ಕೋರುವ ಪದ್ಧತಿ ಬೇರೆಲ್ಲಾದರೂ ಇದ್ದರೆ ನನಗೆ ಗೊತ್ತಿಲ್ಲ.

ನಗುವ ಹಕ್ಕು ನನಗೂ ಅಷ್ಟಿಲ್ಲ. ಆ ಸ್ಪರ್ಧೆಗಳ ಮೈಕು ನನ್ನ ಕೈಯಲ್ಲಿರುತ್ತಿತ್ತು. ವಾರವಿಡೀ ಮಕ್ಕಳಿಗೆ ಸಂಧಿ ಸಮಾಸ ಹೇಳಿ ಬೇಸತ್ತ ನಾಲಿಗೆ ರವಿವಾರ ಅಲ್ಲಿ ಬಿಚ್ಚಿಕೊಳ್ಳುತ್ತಿತ್ತು. "ಇಗೋ ಬಂದ, ಹಿಂದಕ್ಕೆ ನಡೆದೂ ಮುಂದೆ ಇರುವ ಧೀರ" ಎಂದು ಅಣ್ಣನನ್ನು ಹೊಗಳುವಾಗ ಜನ ಸೀಟಿ ಹೊಡೆಯುತ್ತಿದ್ದರು. ಸೀಟಿ ಅವನಿಗೋ ನನಗೋ ಎಂಬ ಸಂಶಯ ನನಗೆ ಯಾವತ್ತೂ ಬರಲಿಲ್ಲ. ಮೈಕು ಸಿಕ್ಕರೆ ನನಗೆ ಊಟ ಬೇಡ. ಇದನ್ನು ನನ್ನ ಹೆಂಡತಿಯೂ ಹೇಳುತ್ತಾಳೆ, ಬೇರೆ ದನಿಯಲ್ಲಿ.

ತೇರದಾಳದ ಸ್ಪರ್ಧೆ ಗೆದ್ದು ಬಂದ ಮರುದಿನ ಸಾಹುಕಾರರ ಅಂಗಳದಲ್ಲಿ ಪೇಢೆ ಹಂಚುತ್ತಿದ್ದರು. ಅಣ್ಣ ಪೇಢೆ ಬಾಯಿಗೆ ಹಾಕಿಕೊಂಡ, ನುಂಗಿದ, ಕೈ ಒರೆಸಿಕೊಂಡ.

"ಇನ್ ನಾ ಆಟಕ್ಕ ಗಾಡಿ ಹತ್ತಂಗಿಲ್ರಿ ಸಾಹುಕಾರ್ರ."

"ಯಾಕೋ, ಏನಾತು?"

"ಏನಿಲ್ರಿ. ಸಾಕಾತು. ಕಬ್ಬಿನ ಗಾಡಿ ಹೊಡಿತೇನಿ, ಆಟ ಒಲ್ಲೆ."

ಇಷ್ಟೇ ನಿವೃತ್ತಿ ಘೋಷಣೆ. ದೊಡ್ಡ ದೇಶಗಳ ಚಾಂಪಿಯನ್ನರು ಪತ್ರಿಕೆಯವರನ್ನು ಕರೆದು, ಕಣ್ಣೊರೆಸಿಕೊಂಡು ಮಾಡುವ ಕೆಲಸವನ್ನು ನಮ್ಮವನು ಪೇಢೆಯ ಬಾಯಿಯಲ್ಲಿ ಮುಗಿಸಿದ. ಸಾಹುಕಾರರು ಕೈಯಲ್ಲಿದ್ದ ಪೇಢೆಯನ್ನು ಮತ್ತೆ ಡಬ್ಬಿಗೆ ಹಾಕಿದರು. ಸಾವಳಗಿಯ ದೊಡ್ಡ ಸ್ಪರ್ಧೆಗೆ ಉಳಿದದ್ದು ಎರಡು ವಾರ, ಅದಾಗಿ ಸ್ವಲ್ಪ ದಿನಕ್ಕೆ ಕಬ್ಬಿನ ಸೀಜನ್.

ಕಾರಣ ಗೊತ್ತಿದ್ದದ್ದು ಮೂವರಿಗೆ: ಅಣ್ಣ, ಅವನ ಹೆಂಡತಿ ಅಂದರೆ ನನ್ನ ವೈನಿ, ನಾನು. ತೇರದಾಳದಲ್ಲಿ ಅವನು ಗೆಲ್ಲುವಾಗ ಅವನ ತಲೆಯ ಮೇಲಿನ ಟೊಪ್ಪಿ ಒಮ್ಮೆಯೂ ಎಡಕ್ಕೆ ತಿರುಗಲಿಲ್ಲ. ಕಾಮೆಂಟರಿ ಹೇಳುತ್ತಿದ್ದ ನನಗೆ ಮಾತ್ರ ಅದು ಕಂಡಿತು. ಆಮೇಲೆ ಕೇಳಿದರೆ, "ಟ್ರೇಲರಿನ ಕೊಂಡಿ ಸಪ್ಪಳ ಕೇಳಿ ಹೊಡದ್ನಿ" ಎಂದ. ಮರುದಿನ ಬೆಳಿಗ್ಗೆ, ಪೇಢೆಗೂ ಮೊದಲೇ, ಬೈಕಿನ ಮೇಲೆ ಕೂಡಿಸಿಕೊಂಡು ಜಮಖಂಡಿಯ ಡಾಕ್ಟರರಿಗೆ ತೋರಿಸಿದೆ. ಅವರು ಫೋಟೊ ತೆಗೆಸಿ, ಕುತ್ತಿಗೆಯ ಎಲುಬು ಸವೆದಿದೆ ಎಂದು ಹೇಳಿ, ಏನು ಉದ್ಯೋಗ ಎಂದು ಕೇಳಿದರು.

"ಹಿಂದ ನೋಡೂದ್ರಿ" ಎಂದ ಅಣ್ಣ.

ಡಾಕ್ಟರರು ನಕ್ಕರು. ಅಣ್ಣ ನಗಲಿಲ್ಲ. ಅವನು ಖರೆ ಹೇಳಿದ್ದ. ವರ್ಷಗಟ್ಟಲೆ ದೇಹ ಮುಂದೆ, ಮುಖ ಹಿಂದೆ ಮಾಡಿ ಬದುಕಿದವನ ಕುತ್ತಿಗೆ ಈಗ ಎಡಕ್ಕೆ ತಿರುಗಲು ಒಲ್ಲೆನೆನ್ನುತ್ತಿತ್ತು. ಕುತ್ತಿಗೆಗೆ ಕಟ್ಟಿಕೊಳ್ಳಲು ಡಾಕ್ಟರರು ಒಂದು ಪಟ್ಟಿ ಕೊಟ್ಟರು. ಅದನ್ನು ಅವನು ಮನೆಯೊಳಗೆ ಮಾತ್ರ ಕಟ್ಟುತ್ತಿದ್ದ. ಬಾಗಿಲು ಸಪ್ಪಳವಾದರೆ ಜೋಳದ ಚೀಲದೊಳಗೆ ತುರುಕುತ್ತಿದ್ದ. ಆ ದಿನ ದವಾಖಾನೆಯಿಂದ ಬರುವ ದಾರಿಯಲ್ಲಿ ಬೈಕು ನಿಲ್ಲಿಸಲು ಹೇಳಿ, ಇಳಿದು, ನನ್ನ ಎದುರು ಬಂದು ನಿಂತ. ಎದುರು ನಿಲ್ಲದೆ ಅವನಿಗೆ ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ.

"ತಮ್ಮಾ, ಯಾರ ಮುಂದೂ ಬಾಯಿ ಬಿಡಬ್ಯಾಡ. ಆಟ ಹೋದ್ರ ಹೋಗಲಿ. ಸಾಹುಕಾರ್ಗ ಗೊತ್ತಾತಂದ್ರ ಸೀಜನ್ನೂ ಹೋಕ್ಕತಿ. ಸೀಟಿನಿಂದ ಇಳದ್ರ ನಾ ಏನ್ ಮಾಡ್ಲಿ? ನಂಗ ಮತ್ತೇನ್ ಬರತೈತಿ?"

ಬಾಯಿ ಬಿಡುವುದಿಲ್ಲ ಎಂದೆ. ಮಾಸ್ತರನ ಮಾತು.

ಇತ್ತ ಊರಿಗೆ ಕೆಲಸ ಸಿಕ್ಕಿತ್ತು. ಚಹಾದ ಅಂಗಡಿಯ ಬೆಂಚಿನ ಮೇಲೆ ದಿನವೂ ಆಯ್ಕೆ ಸಮಿತಿ ಕೂಡುತ್ತಿತ್ತು. ಸಮಿತಿಯ ಸದಸ್ಯರಾಗಲು ಯೋಗ್ಯತೆ ಒಂದೇ, ಟ್ರ್ಯಾಕ್ಟರ್ ಹೊಡೆಯಲು ಬಾರದಿರುವುದು. ಮೊದಲ ಹೆಸರು ಸಾಹುಕಾರರ ಮಗನದು. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದಿ ಬಂದವನು, ಕಪ್ಪು ಕನ್ನಡಕದವನು. ಹಿಂದೆ ತಿರುಗಿ ನೋಡುವುದು ಹಳ್ಳಿಗರ ಕೆಲಸ ಎಂದು ಟ್ರೇಲರಿಗೆ ಕ್ಯಾಮೆರಾ ಕಟ್ಟಿಸಿ, ಮೊಬೈಲು ನೋಡುತ್ತ ರಿವರ್ಸ್ ಹೊಡೆದ. ಸಾಲೆಯ ಮೈದಾನದಲ್ಲಿ ವಾಲಿಬಾಲ್ ಕಂಬ ಇದೆ ಎಂಬುದು ಅದು ಬಿದ್ದ ಮೇಲೆ ಮೊಬೈಲಿನಲ್ಲಿ ಕಂಡಿತು. "ಕಂಬ ಅಡ್ಡ ಬಂತು" ಎಂದರು ಸಾಹುಕಾರರು. ಸಮಿತಿ ಒಪ್ಪಿತು. ಕಂಬದ್ದೇ ತಪ್ಪು.

ಆಮೇಲೆ ಬೀಳಗಿಯ ಕಡೆಯವನೊಬ್ಬ ಬಂದ. ಚೆನ್ನಾಗಿಯೇ ಹೊಡೆದ. ಆದರೆ ಸ್ಪರ್ಧೆ ಗೆದ್ದರೆ ಫ್ಲೆಕ್ಸಿನಲ್ಲಿ ತನ್ನ ಮುಖ ಸಾಹುಕಾರರ ಮುಖದಷ್ಟೇ ದೊಡ್ಡದು ಇರಬೇಕು ಎಂದು ಕೇಳಿದ. ಸಂಜೆಯ ಬಸ್ಸಿಗೇ ಅವನನ್ನು ಹತ್ತಿಸಿದರು.

ಕೊನೆಗೆ ಸಿಕ್ಕವನು ಬನಹಟ್ಟಿಯವನು, ಮೂವತ್ತರ ಪ್ರಾಯದ ಮಿತಭಾಷಿ. ಮೊದಲು ಮಗ್ಗದ ಮನೆಯಲ್ಲಿ ಸೀರೆ ನೇಯುತ್ತಿದ್ದನಂತೆ. "ಎಳಿ ಹಿಡದಾಂವ ಗೆರಿ ತಪ್ಪಂಗಿಲ್ಲ" ಎಂದು ಸಮಿತಿ ಶಾಸ್ತ್ರ ಹೇಳಿತು. ಶಾಸ್ತ್ರ ಹೇಗೇ ಇರಲಿ, ಅವನ ಕೈ ನಿಜವಾಗಿಯೂ ಪಳಗಿತ್ತು. ಅವನ ಕರಾರು ಒಂದೇ: "ಆಟಕ್ಕಷ್ಟ ಬರಾಂಗಿಲ್ರಿ. ಸೀಜನ್ನಿನ ಗಾಡೀನೂ ನನಗ ಕೊಡಬೇಕು." ಸಾಹುಕಾರರು ತಲೆ ಕೆರೆದುಕೊಂಡರು. "ಗಾಡಿ ಒಂದ, ಸೀಟ ಒಂದ. ಹಳೇ ಮನಷ್ಯಾನ್ನ ಸುಮ್ಮಸುಮ್ನ ಹೆಂಗ ಇಳಸ್ಲಿ? ಏನರ ಕಾರಣ ಬೇಕಲ್ಲ. ಸಾವಳಗಿ ಆಗಲಿ, ನೋಡೂಣು." ಅವರೂ ಮನುಷ್ಯರೇ. ನೆಪವಿಲ್ಲದೆ ಅನ್ಯಾಯ ಮಾಡಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ.

ಈ ನಡುವೆ ಸಮಿತಿ ನಿವೃತ್ತಿಯ ಕಾರಣವನ್ನೂ ಪತ್ತೆ ಹಚ್ಚಿತು. ವೈನಿಯ ತವರು ಮುಧೋಳ. ಆ ತಿಂಗಳು ಅವರ ತಮ್ಮ ಒಂದು ಬೇಟೆನಾಯಿಯ ಮರಿ ತಂದು ಕಟ್ಟಿ ಹೋಗಿದ್ದ. ಮುಧೋಳದ ಟ್ರ್ಯಾಕ್ಟರು ಪ್ರತಿ ಸಲ ನಮಗೆ ಸೋಲುವುದು. ನಾಯಿ ಮುಧೋಳದ್ದು. ಇಷ್ಟು ಸಾಲದೇ? ಚಾಂಪಿಯನ್ ಒಂದು ನಾಯಿಮರಿಗೆ ಊರ ಮಾನ ಮಾರಿದ ಎಂದು ತೀರ್ಮಾನವಾಯಿತು. ಆ ಮರಿಯೋ, ಎಲುಬು ತೇಲಿದ, ಗುಡುಗಿಗೂ ಮಂಚದ ಕೆಳಗೆ ಅಡಗುವ ಪ್ರಾಣಿ. ಊರ ಮಾನ ಅಷ್ಟು ಅಗ್ಗ ಎಂದು ಊರವರೇ ಹೇಳುತ್ತಿದ್ದರೆ ನಾನು ಏನು ಹೇಳಲಿ? ಅಣ್ಣನಿಗೆ ಹೇಳಿದರೆ, "ಅನ್ನಲಿ ಬಿಡು. ನಾಯಿ ಅಂದ್ರ ನಾಯಿ. ಕುತ್ತಿಗಿ ಅನ್ನಲಿಲ್ಲಲ್ಲ" ಎಂದ. ಬೈಸಿಕೊಳ್ಳುವುದು ಅವನಿಗೆ ಅಗ್ಗವಾಗಿ ಬಿದ್ದಿತ್ತು. ಅದನ್ನು ತಡೆಯಲಾರದೆ ಹೋದವನು ನಾನು.

ಸಾವಳಗಿಯಲ್ಲಿ ಜನಜಂಗುಳಿ. ಟ್ರ್ಯಾಕ್ಟರುಗಳ ಮೇಲೆ, ಟ್ರೇಲರುಗಳ ಮೇಲೆ, ಗಿಡದ ಮೇಲೆ ಜನ. ವೇದಿಕೆಯ ಮುಂದಿನ ಸಾಲಿನಲ್ಲಿ ಸಾಹುಕಾರರು ರುಮಾಲು ಸುತ್ತಿ ಕೂತಿದ್ದರು. ಅಣ್ಣ ಬಂದಿರಲಿಲ್ಲ. ಮೈಕು ನನ್ನ ಕೈಯಲ್ಲಿತ್ತು. ಬನಹಟ್ಟಿಯವನು ಗಾಡಿ ಹತ್ತಿದ ಕೂಡಲೇ ಜನರ ನಡುವಿನಿಂದ ಒಬ್ಬ ಕೂಗಿದ, "ಮಾಸ್ತರ್ರ, ನಿಮ್ಮ ಚಾಂಪಿಯನ್ ಎಲ್ಲಿ? ನಾಯಿ ಕಾಯಾಕತ್ತಾನೇನು?" ಇನ್ನೊಬ್ಬ ಬೊಗಳಿದ ಹಾಗೆ ದನಿ ತೆಗೆದ. ಇಡೀ ಮೈದಾನ ನಕ್ಕಿತು. ಸಾಹುಕಾರರೂ ನಕ್ಕರು.

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನಗೆ ಭಾಷೆ ಬಹಳ ಚೆನ್ನಾಗಿ ಬರುತ್ತದೆ. "ನಗುವವರೇ ಕೇಳಿ" ಎಂದು ಶುರು ಮಾಡಿದೆ. ಊರಿಗಾಗಿ ಹಿಂದೆ ನೋಡಿ ನೋಡಿ ಒಬ್ಬ ಮನುಷ್ಯನ ಕುತ್ತಿಗೆಯ ಎಲುಬು ಸವೆದಿದೆ ಎಂದೆ. ಎಡಕ್ಕೆ ತಿರುಗಿ ತನ್ನ ಹೆಂಡತಿಯ ಮುಖ ನೋಡಲಾರ ಎಂದೆ. ತೇರದಾಳವನ್ನು ಅವನು ಕಣ್ಣಿನಿಂದಲ್ಲ, ಕಿವಿಯಿಂದ ಗೆದ್ದ ಎಂದೆ. ನೀವು ನಾಯಿ ಎಂದದ್ದು ಯಾರಿಗೆ ಎಂದು ಕೇಳಿದೆ. ಆಮೇಲೆ ಬಿದ್ದ ಚಪ್ಪಾಳೆ ನನ್ನ ಜೀವಮಾನದಲ್ಲೇ ದೊಡ್ಡದು. ಮುದುಕರು ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ತುಂಬಿತು, ಅರ್ಧ ಅಣ್ಣನಿಗಾಗಿ, ಅರ್ಧ ನನ್ನ ಮಾತಿಗಾಗಿ. ಆ ಭರದಲ್ಲಿ ಮುಂದಿನ ಸಾಲಿನ ಕಡೆ ನೋಡಿದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಸಾಹುಕಾರರ ಕೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಇತ್ತು. ಅವರಿಗೆ ಬೇಕಾಗಿದ್ದ ಕಾರಣ ಸಿಕ್ಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನು ಎಷ್ಟು ಮಕ್ಕಳಿಂದ ಬರೆಸಿದ್ದೇನೋ.

ಬನಹಟ್ಟಿಯವನು ಗೆದ್ದ. ನಾನು ಬೈಕಿನಲ್ಲಿ ಊರು ಸೇರುವ ಮೊದಲೇ ನನ್ನ ಭಾಷಣದ ವಿಡಿಯೊ ಎಲ್ಲರ ಮೊಬೈಲು ಸೇರಿತ್ತು. ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ಕೊರಳಿಗೆ ಪಟ್ಟಿ ಕಟ್ಟಿಕೊಂಡಿದ್ದ. ಇನ್ನು ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ. ಮಗ್ಗುಲಲ್ಲಿ ಕೂತೆ. ಅವನು ನನ್ನ ಕಡೆ ತಿರುಗಲಿಲ್ಲ. ತಿರುಗಲಾರನೋ, ತಿರುಗಲು ಒಲ್ಲನೋ ಕೇಳುವ ಧೈರ್ಯ ನನಗಾಗಲಿಲ್ಲ.

"ಮಂದಿ ನಿನ್ನ ಬೈಯೂದ ನನಗ ತಡ್ಯಾಕ ಆಗಲಿಲ್ಲಣ್ಣಾ" ಎಂದೆ.

"ನನಗ ತಡದಿತ್ತಲ್ಲೋ" ಎಂದ.

ಮರುದಿನ ಸಾಹುಕಾರರು ತಾವೇ ಮನೆಗೆ ಬಂದರು. ಬಹಳ ಮರುಗಿದರು. "ಇಷ್ಟ ತ್ರಾಸ ಇಟಗೊಂಡು ಹೇಳಲಿಲ್ಲಲ್ಲೋ. ಎರಡ ಟ್ರೇಲರ್ ಕಬ್ಬ ಹೇರಿ ಕುತ್ತಿಗಿ ತಿರಗಲಾರದಾಂವ ರೋಡಿಗೆ ಹೋದ್ರ ಮಂದಿ ಜೀವಕ್ಕ ಯಾರ ಹೊಣಿ?" ಎಂದರು. ನನಗೆ ಅವರ ಮೇಲೆ ಹರಿಹಾಯಬೇಕೆನಿಸಿತು. ಆದರೆ ಅವರ ಮಾತು ತಪ್ಪಿರಲಿಲ್ಲ. ಅದು ತಪ್ಪಾಗಿದ್ದರೆ ನನ್ನ ಪಾಪ ಸ್ವಲ್ಪ ಹಗುರಾಗುತ್ತಿತ್ತು. ಅಣ್ಣ ಎದ್ದು, ಗೂಟಕ್ಕೆ ನೇತುಹಾಕಿದ್ದ ಟ್ರ್ಯಾಕ್ಟರಿನ ಕೀಲಿ ತಂದು ಅವರ ಕೈಗಿಟ್ಟ. ವೈನಿ ಚಹಾ ಕೊಟ್ಟರು. ಸಾಹುಕಾರರು ಚಹಾ ಚಲೋ ಆಗಿದೆ ಎಂದರು.

ಮುಂದಿನ ರವಿವಾರ ಸಾಲೆಯ ಮೈದಾನದಲ್ಲಿ ಸನ್ಮಾನ. ನಾಯಿ ಎಂದವರೇ ಹಾರ ತಂದಿದ್ದರು. ಈ ಸಲದ ಫ್ಲೆಕ್ಸಿನಲ್ಲಿ ಅಣ್ಣನ ಮುಖ ಸಾಹುಕಾರರ ಮುಖದಷ್ಟೇ ದೊಡ್ಡದಾಗಿತ್ತು. ಇಳಿದವನಿಗೆ ನಮ್ಮೂರು ಜಿಪುಣತನ ಮಾಡುವುದಿಲ್ಲ. ನಿರೂಪಣೆ ನನ್ನದೇ. ಬೇಡವೆಂದೆ. "ನೀವ ಇಲ್ಲಾಂದ್ರ ಕಾರ್ಯಕ್ರಮಕ್ಕ ಕಳೆ ಇಲ್ರಿ ಮಾಸ್ತರ್ರ" ಎಂದರು. ಹೋದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಫೋಟೊದವನು ಎಡಗಡೆಯಿಂದ "ಈ ಕಡೆ ನೋಡ್ರಿ" ಎಂದ. ಅಣ್ಣ ಕುರ್ಚಿಯಿಂದ ಎದ್ದು, ಇಡೀ ಮೈ ತಿರುಗಿಸಿ ನಿಂತು, ಫೋಟೊ ಆದ ಮೇಲೆ ಮತ್ತೆ ಮೈ ತಿರುಗಿಸಿ ಕೂತ. ಈಗ ಆ ಕೀಲಿ ಸಿಕ್ಕಿದ್ದ ಬನಹಟ್ಟಿಯವನು ಬಂದು ಅವನ ಕಾಲು ಮುಟ್ಟಿ ನಮಸ್ಕರಿಸಿದ. ಅವನೊಬ್ಬನ ಮುಖದಲ್ಲಿ ಆ ದಿನ ನಾಚಿಕೆ ಇತ್ತು.

ಚಾಂಪಿಯನ್ನರು ಎರಡು ಮಾತು ಆಡಬೇಕು ಎಂದು ಜನ ಕೂಗಿದರು. ನಾನು ಮೈಕು ತೆಗೆದುಕೊಂಡು ಹೋಗಿ ಅವನ ಎದುರು ನಿಂತೆ. ಅಷ್ಟು ವರ್ಷ ನಾನು ಹೊಗಳಿದ್ದ ಅಣ್ಣ ಮೈಕು ಹಿಡಿದದ್ದು ಅದೇ ಮೊದಲು. ಅದನ್ನು ಬಾಯಿಗೆ ತೀರ ಹತ್ತಿರ ಹಿಡಿದು, ನನ್ನ ಮುಖವನ್ನೇ ನೋಡುತ್ತ ಹೇಳಿದ:

"ನಮ್ಮ ಮನ್ಯಾಗ ಎರಡ ಉದ್ಯೋಗ ಇದ್ದೂರಿ. ತಮ್ಮಂದು ಮಾತಾಡೂದು, ನಂದು ಗಾಡಿ ಹೊಡಿಯೂದು. ಇನ್ ಅವಂದೊಂದ ಉಳೀತ್ರಿ."

ತಮ್ಮನನ್ನು ಎಷ್ಟು ಹೊಗಳಿದ ಎಂದು ಜನ ಭರ್ತಿ ಚಪ್ಪಾಳೆ ತಟ್ಟಿದರು. ಅಣ್ಣ ಮೈಕನ್ನು ನನ್ನ ಕೈಗೆ ಕೊಟ್ಟು ಕೂತ. ಮುಂದಿನದು ವಂದನಾರ್ಪಣೆ. ಅದನ್ನೂ ನಾನೇ ಮಾಡಬೇಕಿತ್ತು.