ಮುತ್ತತ್ತಿಗೆ ಹೂ ಕೇಳಲು ಹೋದದ್ದು

ಮೈಸೂರಿನಿಂದ ಬೆಳಗಿನ ರೈಲಿಗೆ ಹೊರಟೆ. ಬಿ.ಎ. ಕೊನೆಯ ವರ್ಷ, ಯುದ್ಧದ ಕಾಲ, ಮೂರನೇ ದರ್ಜೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಡ್ಯದಲ್ಲಿ ಅಪ್ಪ ಹಣ್ಣುಕಾಯಿಯ ಚೀಲ ಹೊತ್ತು ಹತ್ತಿದ. ನಾನು ನಮ್ಮೂರ ಸ್ಕೂಲಿಗೇ ಮೇಷ್ಟ್ರಾಗುತ್ತೇನೆ ಎನ್ನುತ್ತಿದ್ದೆ; ಅವನಿಗೆ ಮಗ ಲಾಯರೇ ಆಗಬೇಕು. ಜಗಳ ಹರಿಯಲಿಲ್ಲ. ಮುತ್ತತ್ತಿ ಆಂಜನೇಯನ ಹತ್ತಿರ ಹೂ ಕೇಳೋಣ, ಸ್ವಾಮಿ ಹೇಳಿದಂತಾಗಲಿ ಎಂದು ಹಟ ಹಿಡಿದವನು ನಾನೇ.

ಮದ್ದೂರಿನಲ್ಲಿ ಇಳಿದು ಹಲಗೂರಿನ ಬಸ್ಸು ಹಿಡಿದೆವು. ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುವ ಗಾಡಿ. ದಿಬ್ಬ ಬಂದಾಗಲೆಲ್ಲ ಇಳಿದು ತಳ್ಳಬೇಕು. ದುಡ್ಡೂ ಕೊಟ್ಟೆವು, ಬೆವರೂ ಸುರಿಸಿದೆವು. ತಳ್ಳುತ್ತಲೇ ಅಪ್ಪ, "ಮೇಷ್ಟ್ರ ಸಂಬಳ್ದಲ್ಲಿ ಎಡ್ತಿ ಮಕ್ಳ ಎಂಗ್ಲಾ ಸಾಕ್ತೀಯ?" ಎಂದ.

"ಊರ ಮಕ್ಕಳಿಗೆ ಅಕ್ಷರ ಬೇಡ್ವೇನಪ್ಪ?" ಎಂದೆ. ಹಾಸ್ಟೆಲಿನಲ್ಲಿ ವರ್ಷವೆಲ್ಲ ಇದೇ ಭಾಷಣ ಬಿಗಿದು ಚಪ್ಪಾಳೆ ಗಿಟ್ಟಿಸಿದ್ದೆ.

ಹಲಗೂರಿನಲ್ಲಿ ತಣ್ಣನೆ ಉಪ್ಪಿಟ್ಟು ತಿಂದು ಛತ್ರದಲ್ಲಿ ಉಳಿದೆವು. ಮರುದಿನ ಎತ್ತಿನ ಗಾಡಿಯಲ್ಲಿ ಕಾಡುದಾರಿ. ಮೋಡ ಕವಿದಿತ್ತು, ಹನಿ ಬೀಳಲಿಲ್ಲ, ಬರೀ ಧಗೆ.

ಕಾವೇರಿಯಲ್ಲಿ ಮುಳುಗೆದ್ದು ಒದ್ದೆಬಟ್ಟೆಯಲ್ಲೇ ದೇವರ ಮುಂದೆ ನಿಂತೆವು. ಅರ್ಚಕರು ನೀರಲ್ಲಿ ಅದ್ದಿದ ಹೂಗಳನ್ನು ವಿಗ್ರಹದ ಎರಡೂ ಬದಿಗೆ ಅಂಟಿಸಿ, "ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದಾದರೆ ಇಲ್ಲ. ಏನು ಕೇಳಲಿ?" ಎಂದರು.

"ನಮ್ಮುಡ್ಗ ಮೇಷ್ಟ್ರಾಗ್ಬೋದಾ ಅಂತ ಕೇಳಿ, ಸಾಮಿ," ಎಂದ ಅಪ್ಪ.

ತುಂಬ ಹೊತ್ತು ಕಾದೆವು. ಎಡಗಡೆಯ ಹೂ ಜಾರಿತು.

ಅಪ್ಪ ಗೆದ್ದಿದ್ದ. ಆದರೆ ನಾನು ತಲೆ ತಗ್ಗಿಸಿ ನಿಂತದ್ದು ಕಂಡು ಅವನ ಕರುಳು ಚುರುಕ್ಕೆಂದಿರಬೇಕು. ಹೊರಗೆ ಕರೆತಂದು, "ಓಗ್ಲಿ ಬುಡ್ಲಾ ಮಗ. ತಪ್ಪುಕಾಣ್ಕೆ ಆಕ್ತೀನಿ, ಸಾಮಿ ಒಟ್ಟೆಗಾಕ್ಕತಾನೆ. ನೀನು ಮೇಷ್ಟ್ರೇ ಆಗು," ಎಂದ.

ನಾನು ಕುಣಿದಾಡಬೇಕಿತ್ತು. ಅಯ್ಯೋ, ಎದೆಯಲ್ಲಿ ಏನೂ ಅಲುಗಲಿಲ್ಲ! ಹೂ ಎಡಕ್ಕೆ ಬಿದ್ದಾಗ ನನಗಾದದ್ದು ದುಃಖವಲ್ಲ, ನಿರಾಳ. ಸೋರುವ ಜಗಲಿಯಲ್ಲಿ ಮಗ್ಗಿ ಒಪ್ಪಿಸಿಕೊಳ್ಳುತ್ತ ಮುದುಕನಾಗುವುದು ನನಗೆ ಬೇಕಿರಲಿಲ್ಲ.

"ಬೇಡ ಕಣಪ್ಪ," ಎಂದೆ.

"ಅಂಗಾರೆ ಲಾಯರಾಯ್ತೀಯಾ?"

"ಅದೂ ಬೇಡ."

"ಮತ್ತಿನ್ನೇನ್ಲಾ ಬೇಕು ನಿಂಗೆ?"

ಹುಡುಕಿ ನೋಡಿದೆ, ಒಂದೂ ಸಿಗಲಿಲ್ಲ. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ನಾಚಿಕೆಯಾಯಿತು, ಭಯವೂ ಆಯಿತು.

ಬಂದ ದಾರಿಯಲ್ಲೇ ಹಿಂತಿರುಗಿದೆವು. ದಿಬ್ಬ ಬಂದಾಗ ಇಬ್ಬರೂ ಇಳಿದು ಬಸ್ಸು ತಳ್ಳಿದೆವು. ಮಂಡ್ಯದಲ್ಲಿ ರೈಲಿಳಿದ ಅಪ್ಪ ನನ್ನ ಕಿಟಕಿಯ ಬಳಿ ಬಂದು ಸರಳು ಹಿಡಿದು ನಿಂತ.

"ನನ್ಮೇಲೆ ಜಗಳಕ್ಕೆ ಬತ್ತಿದ್ದಾಗ್ಲೇ ಸಂದಾಗಿದ್ದೆ ಕಣ್ಲಾ ನೀನು," ಎಂದ.